ಟಗರಿನ ಜೊತೆ ಮಾರಾಟವಾದ ಗ್ರೂಪು

ಲಸಿಕೆಯ ದಿನ ಬೆಳಿಗ್ಗೆ ಆರು ಸಲ ಫೋನ್ ಮಾಡಿದೆ. ಆರು ಸಲವೂ ಸ್ವಿಚ್ ಆಫ್. ಅವಳ ಫೋನ್ ಹಾಗೆ ಆಫ್ ಆಗುವಂಥದ್ದಲ್ಲ. ಬಿಡಾರದಲ್ಲಿ ಕರೆಂಟ್ ಇಲ್ಲದಿದ್ದರೂ ಹತ್ತಿರದ ದಾಳಿಂಬೆ ತೋಟದ ಪಂಪಿನ ಮನೆಯಲ್ಲಿ ಚಾರ್ಜಿಗೆ ಹಚ್ಚಿ, ಅಲ್ಲೇ ಕುಳಿತು, ತುಂಬಿಸಿಕೊಂಡು ಬರುವವಳು. ಸೊರಡಿಯ ಕುರಿಗಾರರ ಮನೆಯ ಸೊಸೆ. ವಯಸ್ಸು ಇಪ್ಪತ್ತಮೂರೋ ನಾಲ್ಕೋ. ಆ ವಾರ ಅವರ ಹಿಂಡು ಬಾಲಗಾಂವದ ಹತ್ತಿರ ಜೋಳ ಕೊಯ್ದ ಹೊಲವೊಂದರಲ್ಲಿ ಇಳಿದಿತ್ತು. ಎಲ್ಲಿ ಇಳಿದಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದೇ ಅವಳ ಫೋನಿನಿಂದ.

ನನ್ನ ಕೆಲಸ ಕುರಿ-ಆಡುಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧ ಕುಡಿಸುವುದು, ರೋಗ ಕಂಡರೆ ಡಾಕ್ಟರಿಗೆ ಸುದ್ದಿ ಮುಟ್ಟಿಸುವುದು. ಸಣ್ಣ ಸಂಸ್ಥೆಯೊಂದರ ನೌಕರಿ. ಕನ್ನಡ-ಮರಾಠಿ ಗಡಿಯ ಡಫಳಾಪುರದಲ್ಲಿ ಮನೆ, ಒಂದು ಸ್ಕೂಟಿ, ಬರ್ಫ ತುಂಬಿದ ಲಸಿಕೆ ಡಬ್ಬ. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ. ಮೂರು ದಿನ ಒಂದು ಹೊಲ, ನಾಲ್ಕು ದಿನ ಇನ್ನೊಂದು. ಡಬ್ಬದ ಬರ್ಫ ಕರಗುವುದರೊಳಗೆ ಹಿಂಡು ಸಿಗದಿದ್ದರೆ ಲಸಿಕೆ ಚೆಲ್ಲಬೇಕು. ಅದಕ್ಕೇ ಎರಡು ವರ್ಷದ ಹಿಂದೆ ಫೋನಿನಲ್ಲಿ ಒಂದು ಗ್ರೂಪ್ ಮಾಡಿದ್ದೆ. ಲಸಿಕೆ ದಿನ ಪ್ರತಿ ಬಿಡಾರದವರೂ ಎಂಟು ತಾಸಿನ ಲೈವ್ ಲೊಕೇಶನ್ ಅದರಲ್ಲಿ ಹಾಕಬೇಕು, ಕುರಿಗೆ ಏನಾದರೂ ಆದರೆ ಫೋಟೋ ಹಾಕಬೇಕು. ಗ್ರೂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ನಂಬರುಗಳಿದ್ದವು. ನಮ್ಮ ಸಾಹೇಬರು, ಎಂದರೆ ನನ್ನ ಮೇಲ್ವಿಚಾರಕರು, ಆ ಸಂಖ್ಯೆಯನ್ನು ಎಲ್ಲ ಮೀಟಿಂಗಿನಲ್ಲೂ ತೋರಿಸಿ ಎದೆ ಉಬ್ಬಿಸುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಉಬ್ಬಿಸುತ್ತಿದ್ದೆ.

ಅವತ್ತು ದಾರಿಯಲ್ಲಿ ನಾಲ್ಕು ಜನರನ್ನು ಕೇಳಿ, ಎರಡು ಸಲ ತಪ್ಪಿ, ಹನ್ನೊಂದರ ಸುಮಾರಿಗೆ ಬಿಡಾರ ಹುಡುಕಿದೆ. ಗಂಡಸರು ಕುರಿ ಬಿಟ್ಟುಕೊಂಡು ಹೋಗಿದ್ದರು. ಬಲೆ ಕಟ್ಟಿದ ಸಣ್ಣ ದೊಡ್ಡಿಯಲ್ಲಿ ಹಾಲು ಕುಡಿಯುವ ಮರಿಗಳು, ಅವುಗಳ ನಡುವೆ ಅವಳು. ನನ್ನನ್ನು ಕಂಡರೆ ದೂರದಿಂದಲೇ ನಗುವವಳು ಅವತ್ತು ನಗಲಿಲ್ಲ.

“ಬರ್ರಿ ಅಕ್ಕಾರ, ಕುಂದ್ರಿ,” ಅಂದಳು. “ಫೋನ್ ನನ್ನ ಹಂತೇಕ ಇಲ್ರಿ. ಮಾವಾರ ಇಸ್ಕೊಂಡಾರ.”

“ಯಾಕ?”

ನೀರು ಕೊಟ್ಟು ಹೇಳಿದಳು. ಕೆಲವು ದಿನಗಳಿಂದ ಗೊತ್ತಿಲ್ಲದ ನಂಬರಿನಿಂದ ಯಾವನೋ ಫೋನ್ ಮಾಡುತ್ತಿದ್ದ. ಹೆಸರು ಹೇಳುವುದಿಲ್ಲ, ಊಟ ಆಯಿತೇ ಎಂದು ಕೇಳುತ್ತಾನೆ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಮಾಡುತ್ತಾನೆ. ಹಿಂದಿನ ಲಸಿಕೆ ದಿನ ಗಂಡಸರು ಹೋದ ಮೇಲೆ ಒಬ್ಬ ಬೈಕಿನಲ್ಲಿ ನೇರ ಬಿಡಾರಕ್ಕೇ ಬಂದ. ಟಗರು ಇದೆಯಂತೆ, ನೋಡಬೇಕು ಅಂದ. ಟಗರು ಗಂಡಸರ ಜೊತೆ ಹೋಗಿದೆ ಅಂದಳು. ಅವನು ಬೈಕಿನಿಂದ ಇಳಿಯದೆ ಅವಳ ಹೆಸರು ಹಿಡಿದು ಕರೆದ.

“‘ಫೋಟೋದಾಗ ಹೆಂಗದೀರಿ ಹಂಗ ಅದೀರಿ’ ಅಂದಾರಿ. ನಾ ಕುಡಗೋಲ ಕೈಯಾಗ ತಗೊಂಡೆ. ಹೋದ.”

ಏನೂ ಆಗಲಿಲ್ಲ. ಆದರೆ ಸಂಜೆ ಅವಳು ಮುಚ್ಚಿಡದೆ ಮನೆಯವರಿಗೆ ಹೇಳಿದಳು. ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು: ಮಾವ ಫೋನ್ ಕಸಿದು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ.

ನನಗೆ ಸಿಟ್ಟು ಬಂತು. ಮೊದಲು ಆ ಬೈಕಿನವನ ಮೇಲೆ, ಆಮೇಲೆ ಅವಳ ಮಾವನ ಮೇಲೆ. ಸ್ವಲ್ಪ ಹೊತ್ತಿನ ನಂತರ, ಮರಿಗಳಿಗೆ ಸೂಜಿ ಹಾಕುತ್ತಾ ಹಾಕುತ್ತಾ, ನನ್ನ ಮೇಲೆಯೇ. ಅವಳ ನಂಬರು ಆ ಅಪರಿಚಿತನಿಗೆ ಸಿಕ್ಕಿದ್ದು ಎಲ್ಲಿಂದ? ಬಿಡಾರ ಇರುವ ಜಾಗ ಗೊತ್ತಾಗಿದ್ದು ಎಲ್ಲಿಂದ? ಎಂಟು ತಾಸಿನ ಲೊಕೇಶನ್ ಹಾಕಿರಿ ಎಂದು ಪ್ರತಿ ಸಲ ಗದರಿಸುತ್ತಿದ್ದವಳು ನಾನೇ ಅಲ್ಲವೇ.

ಅವತ್ತು ಮನೆಗೆ ಬಂದವಳೇ ಗ್ರೂಪಿನ ಸದಸ್ಯರ ಪಟ್ಟಿ ತೆರೆದು ಕುಳಿತೆ. ಒಂದು ವಹಿಯಲ್ಲಿ ಗೊತ್ತಿರುವವರ ಹೆಸರು ಬರೆಯುತ್ತಾ ಹೋದೆ. ಈ ಹಿಂಡು, ಆ ಹಿಂಡು, ಇವನ ತಮ್ಮ, ಇವಳ ಅತ್ತೆ. ಅರ್ಧ ದಾಟುವುದರೊಳಗೆ ಕೈ ನಿಂತಿತು. ನೂರರ ಹತ್ತಿರ ನಂಬರುಗಳು ನನಗೆ ಗೊತ್ತೇ ಇರಲಿಲ್ಲ. ಒಂದಕ್ಕೆ ಹೂವಿನ ಚಿತ್ರ, ಒಂದಕ್ಕೆ ದೇವರ ಚಿತ್ರ, ಹಲವಕ್ಕೆ ಏನೂ ಇಲ್ಲ. ಎರಡು ವರ್ಷ ಇವರೆಲ್ಲರ ಮುಂದೆ ನಾನು ಹೆಣ್ಣುಮಕ್ಕಳ ಬಿಡಾರಗಳ ಗುರುತು ಹರವಿ ಇಟ್ಟಿದ್ದೆ.

ಮೊದಲು ತೋಚಿದ್ದನ್ನು ಮಾಡಿದೆ. ಗ್ರೂಪಿನ ಸೆಟ್ಟಿಂಗಿಗೆ ಹೋಗಿ, ಹೊಸಬರನ್ನು ಯಾರು ಸೇರಿಸಬಹುದು ಎಂಬಲ್ಲಿ ‘ಎಲ್ಲರೂ’ ಎಂದಿದ್ದುದನ್ನು ‘ಅಡ್ಮಿನ್ ಮಾತ್ರ’ ಎಂದು ಬದಲಿಸಿದೆ. ಗೊತ್ತಿಲ್ಲದ ಇಪ್ಪತ್ತು ಮೂವತ್ತು ನಂಬರು ತೆಗೆದೆ. ದೊಡ್ಡ ಕೆಲಸ ಮಾಡಿದವಳಂತೆ ಒಂದು ಕಪ್ ಚಹಾ ಕುಡಿದೆ. ಮೂರನೆಯ ದಿನ ನೋಡಿದರೆ ಇಬ್ಬರು ಹೊಸಬರು ಒಳಗೆ ಬಂದು ಕುಳಿತಿದ್ದಾರೆ. ಸಾಹೇಬರೂ ಅಡ್ಮಿನ್, ಅವರನ್ನು ಕೇಳಿದೆ, ಅವರು ಸೇರಿಸಿಲ್ಲ. ತೆಗೆದ ಒಬ್ಬನೂ ಮರಳಿ ಬಂದಿದ್ದ. ಬಾಗಿಲಿಗೆ ಕೀಲಿ ಹಾಕಿದ್ದೇನೆ, ಜನ ಬರುತ್ತಲೇ ಇದ್ದಾರೆ. ತಲೆ ಕೆಟ್ಟುಹೋಯಿತು.

ಆಮೇಲೆ ನಾನು ಎರಡು ವರ್ಷದಿಂದ ಓದದೇ ದಾಟಿಸುತ್ತಿದ್ದ ಸಣ್ಣ ಬೂದು ಅಕ್ಷರದ ಸಾಲುಗಳನ್ನು ಓದಿದೆ. ಯಾರಾದರೂ ಗ್ರೂಪಿಗೆ ಬಂದಾಗ ನಡುವೆ ಒಂದು ಸಾಲು ಬೀಳುತ್ತದಲ್ಲ, ಅದು. ಇಂಥವರು ಇಂಥವರನ್ನು ಸೇರಿಸಿದರು ಎಂದು ಕೆಲವು ಕಡೆ ಇತ್ತು. ಹೆಚ್ಚಿನ ಕಡೆ ಇದ್ದದ್ದು ಬೇರೆ: ಗ್ರೂಪಿನ ಲಿಂಕ್ ಮೂಲಕ ಸೇರಿದ್ದಾರೆ. ಹೊಸ ಇಬ್ಬರೂ ಲಿಂಕಿನಿಂದಲೇ ಬಂದವರು. ಸೇರಿಸುವ ಅಧಿಕಾರ ಬೇರೆ, ಲಿಂಕ್ ಬೇರೆ. ಲಿಂಕ್ ಜೀವಂತ ಇರುವವರೆಗೆ ಅದು ಯಾರ ಕೈಯಲ್ಲಿದೆಯೋ ಅವರಿಗೆ ಯಾರ ಅಪ್ಪಣೆಯೂ ಬೇಡ. ಆದರೆ ನಾನು ಲಿಂಕನ್ನು ಯಾರಿಗೂ ಕಳಿಸಿರಲಿಲ್ಲ. ಹಾಗೆಂದು ಆಣೆ ಮಾಡಿ ಹೇಳುತ್ತಿದ್ದೆ.

ಉತ್ತರ ಸಿಕ್ಕಿದ್ದು ಹದಿನೈದು ದಿನದ ನಂತರ, ಜತ್ತದ ಕುರಿ ಸಂತೆಯಲ್ಲಿ. ಜಂತಿನ ಔಷಧದ ಪ್ರಚಾರಕ್ಕೆಂದು ಹೋಗಿದ್ದೆ. ಆ ಮಾವನೂ ಬಂದಿದ್ದ, ಒಂದು ಟಗರು ಮಾರಲು. ನಮ್ಮ ಕಡೆಯ ಟಗರೆಂದರೆ ಸಾಮಾನ್ಯವಲ್ಲ; ಗಿಳಿಮೂಗು, ನೀಳ ಕಿವಿ, ನೋಡಲು ಜನ ನಿಲ್ಲುತ್ತಾರೆ. ನಾನು ಪಕ್ಕದಲ್ಲೇ ನಿಂತು ವ್ಯವಹಾರ ನೋಡಿದೆ. ಮಾತು ಮುಗಿದ ಮೇಲೆ ಅವನು ಟಗರಿನ ಕೊರಳಿನ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಕೊಳ್ಳುವವನು ತಾನು ತಂದ ಹಗ್ಗ ಕಟ್ಟಿದ. ಮಾರಿದವರು ಹಗ್ಗ ಕೊಡುವುದಿಲ್ಲ, ಅದು ಮನೆಯ ಲಕ್ಷ್ಮಿ. ಅದಾದ ಮೇಲೆ ಮಾವ ಕಿಸೆಯಿಂದ ಒಂದು ಹಳದಿ ಕಾರ್ಡು ತೆಗೆದು ವ್ಯಾಪಾರಿಯ ಕೈಗೆ ಕೊಟ್ಟ.

ಅದು ನಮ್ಮ ಲಸಿಕೆ ಕಾರ್ಡು. ಯಾವ ಲಸಿಕೆ ಯಾವಾಗ ಆಗಿದೆ ಎಂದು ಮುಂದಿನ ಬದಿಗೆ. ಹಿಂದಿನ ಬದಿಗೆ ಕಪ್ಪು ಚೌಕಗಳ ಒಂದು ಕೋಡು, ಅದರ ಕೆಳಗೆ ಕನ್ನಡದಲ್ಲಿ ಒಮ್ಮೆ ಮರಾಠಿಯಲ್ಲಿ ಒಮ್ಮೆ: ಗ್ರೂಪಿಗೆ ಸೇರಲು ಸ್ಕ್ಯಾನ್ ಮಾಡಿರಿ. ಅಚ್ಚು ಹಾಕಿಸುವಾಗ ಆ ಐಡಿಯಾ ಕೊಟ್ಟವಳು ನಾನು. ಸಾಹೇಬರು ಶಹಬ್ಬಾಸ್ ಅಂದಿದ್ದರು. ಬರೆಯಲು ಬಾರದವರೂ ಫೋನ್ ಹಿಡಿದರೆ ಸಾಕು, ಒಳಗೆ ಬರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಲಸಿಕೆ ಆದ ಟಗರಿಗೆ ಗಿರಾಕಿ ಜಾಸ್ತಿ, ಹಾಗಾಗಿ ಟಗರು ಮಾರಿದಾಗ ಕಾರ್ಡೂ ಜೊತೆಗೆ ಹೋಗುತ್ತದೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಟಗರು, ಎಷ್ಟು ಕೈ, ಎಷ್ಟು ಊರು.

ವ್ಯಾಪಾರಿಯನ್ನು ನಿಲ್ಲಿಸಿ, ನೀವು ಆ ಗ್ರೂಪಿನಲ್ಲಿದ್ದೀರೇನು ಎಂದು ಕೇಳಿದೆ.

“ಅದೀನಲ್ರಿ. ಯಾರ ಬಿಡಾರ ಎಲ್ಲಿ ಐತಿ ಗೊತ್ತಾಗತೈತಿ, ಟಗರು ಹುಡುಕಾಕ ಭಾಳ ಚಲೋ ಆಗೈತಿ,” ಅಂದ. ನನ್ನ ಮುಖ ನೋಡಿ ಅವನಿಗೂ ಸಿಟ್ಟು ಬಂತು. “ಯಾಕ್ ಬಾಯಾರ? ನಾ ಏನ್ ಕಳ್ಳತನ ಮಾಡೀನಿ? ಸ್ಕ್ಯಾನ್ ಮಾಡ್ರಿ ಅಂತ ನೀವ ಬರದೀರಿ. ನಮ್ಮ ಕಡಿಂದ ಕಾರ್ಡ್ ಮುಂದಿನವರಿಗೆ ಹೋಗತೈತಿ, ಅವ್ರೂ ಸ್ಕ್ಯಾನ್ ಮಾಡ್ತಾರ.”

ಅವನು ಹೇಳಿದ್ದು ಸರಿಯೇ ಇತ್ತು. ಬೈಕಿನವನು ಇವನಿರಲಾರ; ಇವನು ವ್ಯಾಪಾರಕ್ಕೆಂದು ಬಂದವನು. ಆ ಬೈಕಿನವನು ಯಾವ ಕಾರ್ಡಿನಿಂದ ಯಾವ ಊರಲ್ಲಿ ಒಳಗೆ ನುಗ್ಗಿದನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮಾವ ಹೆಗಲ ಮೇಲಿನ ಹಗ್ಗ ಸರಿಮಾಡಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡ. ಹೋಗುವಾಗ, ಮರೆತದ್ದು ನೆನಪಾದಂತೆ, “ಮರಿಗೋಳ ಬಾಯಿ ಹುಣ್ಣಾಗ್ಯಾವ ನೋಡ್ರಿ, ಒಂದ್ ನಾಕೈದು,” ಅಂದ.

“ಯಾವಾಗಿಂದ, ಕಾಕಾ?”

“ನಿನ್ನಿ ಮೊನ್ನಿಂದ ಇರಬೇಕು.”

ಔಷಧ ಹಿಡಿದು ಸಂತೆಯಿಂದಲೇ ಬಿಡಾರಕ್ಕೆ ಹೋದೆ. ಸೊಸೆಯನ್ನು ಕೇಳಿದರೆ, ಒಂಬತ್ತು ದಿನ ಅಂದಳು. ಎರಡು ಮರಿ ಸತ್ತಿದ್ದವು. ಬಾಯಿ ಬಾತರೆ ಮರಿ ಮೊಲೆ ಹಿಡಿಯುವುದಿಲ್ಲ, ಹಸಿವಿನಿಂದಲೇ ಹೋಗುತ್ತದೆ. ಉಳಿದವುಗಳ ಬಾಯನ್ನು ನೇರಳೆ ಬಣ್ಣದ ಔಷಧದ ನೀರಿನಿಂದ ತೊಳೆದು ಗ್ಲಿಸರಿನ್ ಹಚ್ಚಿದೆವು. ಅವಳು ಒಂದೊಂದೇ ಮರಿಯ ದವಡೆ ಹಿಡಿದು ಕೊಡುತ್ತಿದ್ದಳು. “ಮೊದಲನೇ ದಿನಾನ ನೋಡಿದ್ನಿ ಅಕ್ಕಾರ. ಫೋಟೋ ಹಾಕಿದ್ರ ನೀವು ಮರುದಿನಾನ ಬರತಿದ್ರಿ,” ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಅದು ನನಗೆ ಹಿಡಿಸಿತು.

ಆವತ್ತೇ ಲಿಂಕನ್ನು ರೀಸೆಟ್ ಮಾಡಿದೆ. ಒಂದು ಗುಂಡಿ ಒತ್ತುವ ಕೆಲಸ. ಹಳೆಯ ಲಿಂಕ್ ಸತ್ತಿತು, ಅದರ ಜೊತೆ ಊರೂರಿನ ಹಳದಿ ಕಾರ್ಡುಗಳ ಹಿಂಬದಿಯೂ ಸತ್ತಿತು. ಇನ್ನೂ ಹಂಚದೆ ಕಟ್ಟಿಟ್ಟಿದ್ದ ಕಾರ್ಡುಗಳ ಕಟ್ಟುಗಳು ಆಫೀಸಿನಲ್ಲಿದ್ದವು, ಅವೂ ದಂಡವಾದವು. ಎರಡೇ ದಿನಕ್ಕೆ ಸಾಹೇಬರಿಗೆ ಸುದ್ದಿ ಹೋಯಿತು. ಹೇಳದೆ ಕೇಳದೆ ಹೇಗೆ ಮಾಡಿದಿರಿ ಎಂದು ಸಿಡಿಮಿಡಿಗೊಂಡರು. ಡಫಳಾಪುರದ ನಮ್ಮ ಸಣ್ಣ ಕಾರ್ಯಾಲಯದಲ್ಲಿ ಮೀಟಿಂಗ್ ಕರೆದರು. ಏಳೆಂಟು ಹಿಂಡುಗಳ ಹಿರಿಯರು ಬಂದರು, ಆ ಮಾವನೂ ಬಂದ. ಬಂದವರಲ್ಲಿ ಹೆಂಗಸರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು.

ನಾನು ನಡೆದದ್ದೆಲ್ಲ ಹೇಳಿದೆ. ಕಾರ್ಡಿನ ತಪ್ಪು ನನ್ನದು ಎಂದೂ ಹೇಳಿದೆ. ಮಾತು ಮುಗಿಯುವ ಮುಂಚೆಯೇ ಹಿರಿಯರಲ್ಲಿ ಒಬ್ಬರು ಪರಿಹಾರ ಕೊಟ್ಟುಬಿಟ್ಟರು.

“ಹೆಣ್ಮಕ್ಕಳ ನಂಬರ್ ಎಲ್ಲಾ ತಗದ್ ಬಿಡ್ರಿ. ಅವ್ರಿಗೆ ಯಾಕ ಬೇಕು ಫೋನು? ಮುಗೀತು ತಕರಾರು.”

ಎಲ್ಲರೂ ತಲೆ ಆಡಿಸಿದರು. ಸಾಹೇಬರಿಗೆ ನೆಮ್ಮದಿಯಾಯಿತು. ಮರಾಠಿಯಲ್ಲಿ ಅಂದರು: ಬಹಳ ಸುಲಭದ ಉಪಾಯ, ಮನೆಗೊಬ್ಬ ಗಂಡಸಿನ ನಂಬರು ಇದ್ದರೆ ಸಾಕು, ಗ್ರೂಪೂ ಉಳಿಯುತ್ತದೆ, ಸಂಖ್ಯೆಯೂ ಹೆಚ್ಚು ಇಳಿಯುವುದಿಲ್ಲ.

ಸಾಹೇಬರ ಜೊತೆ ನಾನೂ ಮರಾಠಿಯಲ್ಲೇ ಮಾತಾಡುವುದು ರೂಢಿ. ಅವತ್ತು ಬೇಕೆಂದೇ ಕನ್ನಡದಲ್ಲಿ ಹೇಳಿದೆ, ಎಲ್ಲರಿಗೂ ಮುಟ್ಟಲಿ ಎಂದು.

“ಹೆಣ್ಮಕ್ಕಳ ನಂಬರ್ ತಗಿಯೂದಿದ್ರ ಮೊದಲು ನಂದು ತಗೀರಿ ಸಾಹೇಬ್ರ. ನಾನೂ ಹೆಣ್ಮಗಳ ಅದೀನಿ. ಆಮ್ಯಾಲ ಲಸಿಕಿ ಡಬ್ಬಿ ನೀವ ಹೊತ್ಕೊಂಡು ಬಾಲಗಾಂವಕ್ಕ ಹೋಗ್ರಿ.”

ಯಾರೋ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಆ ಮಾವನ ಕಡೆ ತಿರುಗಿದೆ.

“ಕಾಕಾ, ನೀವು ದಿನಾ ಮುಂಜಾನೆ ಕುರಿ ಬಿಟ್ಕೊಂಡು ಹೋಗತೀರಿ. ಗುಡ್ಡದಾಗ ನಿಮ್ಮ ಫೋನಿಗೆ ರೇಂಜ್ ಇರಂಗಿಲ್ಲ. ಬಿಡಾರದಾಗ ಮರಿ ನೋಡಾಕಿ ಯಾರು? ಹುಣ್ಣು ಮೊದಲ ಕಂಡಾಕಿ ಯಾರು? ಒಂಬತ್ತು ದಿನ ನಿಮಗ ಎರಡು ದಿನ ಆಗಿ ಕಂಡೈತಿ. ಎರಡು ಮರಿ ಸತ್ತೂವಲ್ಲ, ಅವುಗಳ ಸುದ್ದಿ ನಿಮ್ಮ ಕಿಸೇದಾಗ ಸ್ವಿಚ್ ಆಫ್ ಆಗಿ ಕುಂತಿತ್ತು.”

ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ.

“ಬಾಗಿಲ ತಗದವರು ನಾವಿಬ್ರು. ಕಾರ್ಡ್ ಅಚ್ಚ ಹಾಕಿಸಿದಾಕಿ ನಾನು, ಟಗರಿನ ಕೂಡ ಕೊಟ್ಟವ್ರು ನೀವು. ಹಗ್ಗ ಇಟ್ಕೊಂಡ್ರಿ, ಕೀಲಿ ಕೊಟ್ರಿ. ಶಿಕ್ಷೆ ಮಾತ್ರ ಆಕೀಗಿ. ಇದು ಯಾವ ನ್ಯಾಯರಿ?”

ಮೀಟಿಂಗ್ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತು. ಸಾಹೇಬರು ಹೋಗುವಾಗ ಖಡಕ್ಕಾಗಿ ಹೇಳಿದರು: ಮೇಲಿನವರು ನೋಡಲು ಬರುವವರೆಗೆ ಗ್ರೂಪನ್ನು ಮುಟ್ಟಬೇಡಿ. ಇನ್ನೆರಡು ದಿನಕ್ಕೆ ಮುಂದಿನ ಲಸಿಕೆ ಸುತ್ತು ಶುರುವಾಗಬೇಕಿತ್ತು. ಒಳಗೆ ಇನ್ನೂ ಅರವತ್ತು ಎಪ್ಪತ್ತು ಜನ ಗುರುತಿಲ್ಲದವರು. ಅವರಲ್ಲಿ ಯಾರು ಕೆಟ್ಟವರು, ಯಾರು ಬರೀ ಕುತೂಹಲಿಗಳು ಎಂದು ಸೋಸಲು ನನಗೆ ದಾರಿಯಿರಲಿಲ್ಲ. ಸೋಸಲು ಆಗದಿದ್ದರೆ ಪಾತ್ರೆಯನ್ನೇ ಖಾಲಿ ಮಾಡಬೇಕು ಎಂದು ನಿರ್ಧರಿಸಿದೆ. ನೌಕರಿ ಹೋದರೆ ಹೋಗಲಿ, ಮುಂದಿನ ಲಸಿಕೆ ದಿನ ಒಂದೇ ಒಂದು ಬಿಡಾರದ ಗುರುತೂ ಆ ಗ್ರೂಪಿನಲ್ಲಿ ಬೀಳಬಾರದು.

ಮರುದಿನ ರಜೆ ಹಾಕಿ ಬೆಳಿಗ್ಗೆಯೇ ಕುಳಿತೆ. ಇದರಲ್ಲೊಂದು ಕ್ರಮವಿದೆ, ಬೇರೆಯವರಿಗೂ ಬೇಕಾಗಬಹುದೆಂದು ಬರೆಯುತ್ತೇನೆ. ಅಡ್ಮಿನ್ ಎದ್ದು ಹೋದ ಮಾತ್ರಕ್ಕೆ ಗ್ರೂಪ್ ಮುಚ್ಚುವುದಿಲ್ಲ. ಉಳಿದವರಲ್ಲಿ ಯಾರೋ ಒಬ್ಬರು ಅಡ್ಮಿನ್ ಆಗಿ ಅದು ನಡೆಯುತ್ತಲೇ ಇರುತ್ತದೆ. ಹಾಗಾಗಿ ಮೊದಲು, ಅಡ್ಮಿನ್ ಬಿಟ್ಟು ಯಾರೂ ಸಂದೇಶ ಹಾಕದಂತೆ ಮಾಡಿದೆ. ಆಮೇಲೆ ಸಾಹೇಬರನ್ನು ಅಡ್ಮಿನ್ ಸ್ಥಾನದಿಂದ ಇಳಿಸಿದೆ. ಗ್ರೂಪ್ ಶುರು ಮಾಡಿದವಳು ನಾನು, ನನ್ನನ್ನು ಅವರು ಇಳಿಸಲು ಬರುವುದಿಲ್ಲ. ಆ ಗುಂಡಿ ಒತ್ತುವಾಗ ಸಂತೋಷವಾಯಿತು. ನಂತರ ಒಂದು ಧ್ವನಿ ಸಂದೇಶ ಹಾಕಿದೆ, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ: ಈ ಗ್ರೂಪಿನ ಬಾಗಿಲು ನನ್ನ ತಪ್ಪಿನಿಂದ ಬಯಲಿಗೆ ತೆರೆದಿತ್ತು. ಇವತ್ತು ಮುಚ್ಚುತ್ತಿದ್ದೇನೆ. ಕುರಿಗಾರರು ಯಾರೂ ಹೆದರಬೇಡಿ, ನಾನೇ ಬಿಡಾರಕ್ಕೆ ಬರುತ್ತೇನೆ. ಉಳಿದವರು ಯಾರಿದ್ದೀರೋ ನಿಮಗೆ ನಮಸ್ಕಾರ, ನಿಮ್ಮ ನಂಬರುಗಳನ್ನು ಬರೆದು ಇಟ್ಟುಕೊಂಡಿದ್ದೇನೆ.

ಆಮೇಲೆ ಒಬ್ಬೊಬ್ಬರನ್ನೇ ತೆಗೆದೆ. ಹೆಸರು ಒತ್ತು, ತೆಗೆ ಎನ್ನು, ಹೌದು ಎನ್ನು. ಮುನ್ನೂರು ಸಲ. ನಡುವೆ ಫೋನುಗಳು ಬಂದವು. ನನ್ನನ್ನು ಯಾಕೆ ತೆಗೆದಿರಿ, ನಾನೇನು ಮಾಡಿದ್ದೆ ಎಂದು ಜಗಳಕ್ಕೆ ನಿಂತವರೇ ಹೆಚ್ಚು. ಊಟದ ಹೊತ್ತಿಗೆ ಹೆಬ್ಬೆರಳು ಜಡಗಟ್ಟಿತ್ತು. ಸಂಜೆ ನಾನೊಬ್ಬಳೇ ಉಳಿದೆ, ನಾನೂ ಹೊರಗೆ ಬಂದೆ.

ಗೆದ್ದೆ ಎಂದು ಅನ್ನಿಸಲಿಲ್ಲ. ಗ್ರೂಪ್ ಮುಚ್ಚಿದರೂ ಹಳೆಯ ಫೋಟೋಗಳು, ನಂಬರುಗಳು ಅವರವರ ಫೋನಿನಲ್ಲಿ ಹಾಗೇ ಇರುತ್ತವೆ. ಹೊರಗೆ ಹೋದದ್ದನ್ನು ಮರಳಿ ತರುವ ಗುಂಡಿ ಎಲ್ಲೂ ಇಲ್ಲ. ಸಾಹೇಬರಿಂದ ಲಿಖಿತ ಉತ್ತರ ಕೇಳಿ ಕಾಗದ ಬಂತು. ಒಂದು ಪುಟದಲ್ಲಿ ನಡೆದದ್ದು ಬರೆದು, ಕೊನೆಯಲ್ಲಿ ‘ಮತ್ತೊಮ್ಮೆ ಹೀಗಾದರೆ ಮತ್ತೊಮ್ಮೆ ಹೀಗೇ ಮಾಡುತ್ತೇನೆ’ ಎಂದು ಸೇರಿಸಿ ಕೊಟ್ಟೆ. ಆ ಸಾಲು ತೆಗೆಯಿರಿ ಎಂದು ಹೇಳಿ ನೋಡಿದರು. ನಾನು ತೆಗೆಯಲಿಲ್ಲ. ನೌಕರಿ ಉಳಿದಿದೆ, ಯಾಕೆಂದರೆ ಈ ಬಿಸಿಲಲ್ಲಿ ಬಿಡಾರ ಹುಡುಕುವ ಇನ್ನೊಬ್ಬರು ಅವರಿಗೆ ಸಿಕ್ಕಿಲ್ಲ.

ಹೊಸ ಗ್ರೂಪುಗಳನ್ನು ಸಣ್ಣದಾಗಿ ಮಾಡಿದೆ. ಒಂದೇ ದಾರಿಯಲ್ಲಿ ಸಾಗುವ, ಒಬ್ಬರಿಗೊಬ್ಬರು ಮುಖ ಬಲ್ಲ ಹತ್ತು ಹದಿನೈದು ಹಿಂಡುಗಳಿಗೆ ಒಂದು. ಸೇರಬೇಕೆನ್ನುವವರ ಹೆಸರು ಮೊದಲು ವಿನಂತಿಯಾಗಿ ನಿಲ್ಲಬೇಕು, ಅಡ್ಮಿನ್ ಒಪ್ಪಿದ ಮೇಲೆ ಒಳಗೆ. ಲಿಂಕ್ ಕಾರ್ಡಿನ ಮೇಲೆ ಇಲ್ಲ. ನಾನು ಬಲ್ಲ ನಂಬರಿಗೆ ನಾನೇ ಕಳಿಸುತ್ತೇನೆ, ಕೆಲಸ ಮುಗಿದ ಮೇಲೆ ರೀಸೆಟ್ ಮಾಡುತ್ತೇನೆ. ಲೊಕೇಶನ್ ಗ್ರೂಪಿಗಲ್ಲ, ನನಗೊಬ್ಬಳಿಗೆ, ಒಂದೇ ತಾಸು. ಅಡ್ಮಿನ್ ಆಗುವವರು ಬಿಡಾರದಲ್ಲಿ ಉಳಿಯುವವರು. ಎಂದರೆ ಹೆಂಗಸರು. ಈ ಕೊನೆಯ ನಿಯಮಕ್ಕೆ ನಾನು ಯಾರ ಪರವಾನಗಿಯನ್ನೂ ಕೇಳಲಿಲ್ಲ.

ಸೊರಡಿಯವರ ಬಿಡಾರಕ್ಕೆ ಹೋದದ್ದು ಕೊನೆಗೆ, ಬೇಕೆಂದೇ ಗಂಡಸರು ಇರುವ ಹೊತ್ತಿಗೆ. ಮಾವ ಕಂಬಳಿಯ ಮೇಲೆ ಕುಳಿತಿದ್ದ. ನಾನು ಬಾಯಿ ತೆರೆಯುವ ಮುಂಚೆಯೇ ಫೋನ್ ತೆಗೆದು ನೆಲಕ್ಕೆ ಇಟ್ಟ. ಸೊಸೆಯ ಕೈಗೆ ಕೊಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ.

“ನಂಬರ್ ಬದಲಿ ಮಾಡಿ ಕೊಡ್ರಿ,” ಅಂದ.

ಸೊಸೆ ಬಗ್ಗಿ ಫೋನ್ ಎತ್ತಿಕೊಂಡಳು. “ಯಾಕ್ ಬದಲಿ ಮಾಡ್ಬೇಕ್ರಿ ಮಾವಾರ? ನಂಬರ್ ನಂದು. ತಪ್ಪು ಮಾಡಿದಾಂವ ನಂಬರ್ ಬದಲಿ ಮಾಡ್ಕೊಳ್ಳಲಿ.”

ಅವಳು ಫೋನ್ ಚಾಲು ಮಾಡಿದಳು. ಇಬ್ಬರೂ ಕುಳಿತು ಸೆಟ್ಟಿಂಗ್ ತೆರೆದೆವು. ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ, ಫೋನಿನ ಭಾಷೆಯೂ ಮರಾಠಿ. ಅವಳು ಓದುವುದು, ನಾನು ಅರ್ಥ ಹೇಳುವುದು. ನಿಮ್ಮ ಫೋಟೋ ಯಾರು ನೋಡಬಹುದು, ನಿಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು. ಎಲ್ಲ ಕಡೆ ‘ಎಲ್ಲರೂ’ ಎಂದಿತ್ತು. ‘ನನ್ನ ಸಂಪರ್ಕದವರು’ ಎಂದು ಒತ್ತಲು ಹೇಳಿದೆ. ಒತ್ತುವ ಮೊದಲು ಅವಳು ನಿಂತಳು.

“ಅಕ್ಕಾರ, ಇದು ಮೊದಲು ಮಾವಾರ ಫೋನ್ ಇತ್ತು. ಇದರಾಗ ಇಡೀ ಸಂತಿ ಐತಿ.”

ನೋಡಿದರೆ ನಿಜ. ಏಳುನೂರರ ಮೇಲೆ ಹೆಸರು. ವ್ಯಾಪಾರಿ ಒಂದು, ವ್ಯಾಪಾರಿ ಎರಡು, ಹಾಲಿನವ, ಉಣ್ಣೆಯವ, ಗಾಡಿಯವ, ಯಾವ ಊರಿನ ಯಾರೋ. ಕುರಿಗಾರ ಒಮ್ಮೆ ಕಂಡವನ ನಂಬರನ್ನೂ ಬಿಡುವುದಿಲ್ಲ, ನಾಳೆ ಅವನ ಹೊಲದಲ್ಲೇ ಇಳಿಯಬೇಕಾಗಬಹುದು. ಪೇಟೆಯವರಿಗೆ ಸಂಪರ್ಕದವರೆಂದರೆ ಪರಿಚಯದವರು. ಇಲ್ಲಿ ಅದು ತಾಲೂಕೇ. ನಾನು ಎಲ್ಲ ಬಿಡಾರಗಳಲ್ಲಿ ಆ ಒಂದು ಗುಂಡಿ ಒತ್ತಿಸಿ ಕೈ ತೊಳೆದುಕೊಂಡು ಬಂದಿದ್ದೆ. ಅವಳು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಹೆಸರನ್ನೂ ಮಾವನ ಫೋನಿಗೆ ಸಾಗಿಸಿ, ಅವಳದರಲ್ಲಿ ಹತ್ತೊಂಬತ್ತು ಮಾತ್ರ ಉಳಿಸಿದೆವು. ಮರುವಾರ ನಾನು ಎಲ್ಲ ಬಿಡಾರಗಳಿಗೆ ಮತ್ತೊಂದು ಸುತ್ತು ಹಾಕಬೇಕಾಯಿತು.

ಈ ಕೆಲಸದ ನಡುವೆಯೇ ಫೋನ್ ಬಡಿದುಕೊಂಡಿತು. ಹೆಸರಿಲ್ಲದ ನಂಬರು. ಮಾವ ಕೈ ಚಾಚಿದ. ಅವಳು ಕೊಡಲಿಲ್ಲ, ಸ್ಪೀಕರ್ ಹಾಕಿ ಎಲ್ಲರ ನಡುವೆ ಇಟ್ಟಳು.

“ಊಟ ಆತೇನ್?” ಎಂದಿತು ಆ ಕಡೆಯ ದನಿ.

“ಆಗೈತಿ,” ಅಂದಳು. “ಇಲ್ಲಿ ನಮ್ಮ ಮಾವಾರ ಅದಾರ, ನಮ್ಮ ಮನಿಯವ್ರು ಅದಾರ, ಡಫಳಾಪುರದ ಬಾಯಾರ ಅದಾರ. ನಿನ್ನ ನಂಬರ್ ಬರಕೊಂಡಾರ. ಹೇಳು, ಯಾವ ಊರು?”

ಫೋನ್ ಕಟ್ ಆಯಿತು. ಆ ನಂಬರಿನಿಂದ ಮತ್ತೆ ಬರಲಿಲ್ಲ. ಬೇರೆ ನಂಬರಿನಿಂದ ಬಂದರೂ ಅವಳ ಬಳಿ ಈಗ ಉತ್ತರವಿದೆ. ಅವಳ ಮಾವ ಆ ಹೊತ್ತು ಅವಳನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟಲ್ಲ, ಮೆಚ್ಚುಗೆಯೂ ಅಲ್ಲ. ತನ್ನ ಮನೆಯಲ್ಲಿ ಇಷ್ಟು ದಿನ ಯಾರಿದ್ದರು ಎಂದು ಈಗ ಗೊತ್ತಾದವನ ನೋಟ.

ಅವಳ ದಾರಿಯ ಗ್ರೂಪಿಗೆ ಅವಳೇ ಅಡ್ಮಿನ್ ಆದಳು. ಯಾರ ವಿನಂತಿ ಬಂದರೂ ಫೋನ್ ಮಾಡಿ ಒಂದು ಪ್ರಶ್ನೆ ಕೇಳುವುದು ಅವಳೇ ಹುಡುಕಿದ ಉಪಾಯ. ಹಿಂಡಿನ ಜೊತೆ ಇರುವವರಿಗೆ ಮಾತ್ರ ಉತ್ತರ ಗೊತ್ತಿರುವಂಥ ಪ್ರಶ್ನೆ. ಇಬ್ಬರು ಅದಕ್ಕೆ ಉತ್ತರಿಸಲಾರದೆ ಹೊರಗೇ ಉಳಿದರು.

ಎರಡು ವಾರದ ನಂತರ ಜಂತಿನ ಔಷಧ ಹಿಡಿದು ಹೋದೆ. ಮಧ್ಯಾಹ್ನ, ಕುರಿಗಳು ನೆರಳಿಗೆ ಬಂದಿದ್ದವು. ಮಾವ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. ಲಸಿಕೆಯ ತಾರೀಖನ್ನೂ ತಾನು ಸೊಸೆಯನ್ನೇ ಕೇಳಬೇಕಾಗಿದೆ, ತನ್ನನ್ನೂ ಗ್ರೂಪಿಗೆ ಹಾಕಿರಿ ಅಂದ. ಹಾಕುವುದು ನನ್ನ ಕೈಯಲ್ಲಿಲ್ಲ ಕಾಕಾ ಎಂದು ಹೇಳಿ, ಅವನ ಫೋನಿಗೆ ಲಿಂಕ್ ಕಳಿಸಿದೆ. ಒತ್ತಿದ. ಹತ್ತು ಹೆಜ್ಜೆ ಆಚೆ ಸೊಸೆಯ ಫೋನು ಸದ್ದು ಮಾಡಿತು. ಅವಳು ಒಂದು ಕೈಯಲ್ಲಿ ಮರಿಯ ಬಾಯಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ನೋಡಿದಳು.

“ಮಾವಾರ, ನಿಮ್ಮ ವಿನಂತಿ ಬಂದೈತ್ರಿ. ಒಂದ ಪ್ರಶ್ನೆ ಐತಿ. ನಮ್ಮ ದೊಡ್ಡ್ಯಾಗ ಈಗ ಹಾಲು ಕುಡಿಯೂ ಮರಿ ಎಷ್ಟು?”

ಅವನು ನನ್ನ ಮುಖ ನೋಡಿದ. ನಾನು ಔಷಧದ ಬಾಟಲಿ ನೋಡಿದೆ. ಅವನು ಧೋತರ ಸರಿಮಾಡಿಕೊಂಡು, ಬಲೆಯ ದೊಡ್ಡಿಯ ಹತ್ತಿರ ಹೋಗಿ ನಿಂತ. ಬೆರಳು ಚಾಚಿ ಎಣಿಸಿದ. ಮರಿಗಳು ಒಂದರ ಕೆಳಗೊಂದು ನುಸುಳುತ್ತಿದ್ದವು, ಎರಡು ಸಲ ಲೆಕ್ಕ ತಪ್ಪಿತು.

“ಇಪ್ಪತ್ತೆರಡು,” ಅಂದ.

“ಇಪ್ಪತ್ತಮೂರು,” ಅಂದಳು ಸೊಸೆ, ಮಡಿಲಲ್ಲಿದ್ದ ಮರಿಯ ಬಾಯಿಗೆ ಗ್ಲಿಸರಿನ್ ಹಚ್ಚುತ್ತಾ. “ಇನ್ನೊಮ್ಮಿ ಎಣಿಸ್ಕೊಂಡ್ ಬರ್ರಿ ಮಾವಾರ.”